ಉದ್ಯಾನ, ಕೆರೆ, ನಾಲಾಗಳಿಗೆ ಸೆನ್ಸರ್: ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಿಗೊಂದು ಮಾರ್ಗದರ್ಶಿ

ಮರಗಳು ನಗರಕ್ಕೆ ನೆರಳು, ತಂಪು ಕೊಡುತ್ತವೆ. ಕೆರೆಗಳು ಮಳೆನೀರನ್ನು ತಡೆದು ಕೆಳಭಾಗದ ಓಣಿಗಳನ್ನು ಕಾಯುತ್ತವೆ. ನಾಲಾ ದಂಡೆಯ ಜೊಂಡು, ಹುಲ್ಲು ಹರಿದುಬಂದ ಹೊಲಸನ್ನು ಅಷ್ಟಿಷ್ಟು ಸೋಸುತ್ತವೆ. ಈ ಯಾವ ಸೇವೆಗೂ ತಿಂಗಳ ಬಿಲ್ಲು ಬರುವುದಿಲ್ಲ. ಹಾಗಾಗಿ ಅವು ಕುಂದುತ್ತಿರುವ ಸಂಗತಿ ಮರ ಒಣಗಿದ ಮೇಲೆ ಅಥವಾ ಮೀನು ಸತ್ತು ತೇಲಿದ ಮೇಲೆಯೇ ಜನರ ಗಮನಕ್ಕೆ ಬರುತ್ತದೆ. ಮಣ್ಣಿನ ತೇವ, ನೀರಿನ ಮಟ್ಟ, ಗಾಳಿಯ ಉಷ್ಣತೆ ಮುಂತಾದವನ್ನು ಅಳೆದು, ಆ ಅಳತೆಯನ್ನು ತಾವಾಗಿಯೇ ಕಳುಹಿಸುವ ಉಪಕರಣಗಳು, ಅಂದರೆ ಐಒಟಿ ಸೆನ್ಸರ್‌ಗಳು, ಈಗ ಬಡಾವಣೆಯ ಸಂಘವೊಂದರ ಕೈಗೆಟುಕುವ ಬೆಲೆಗೆ ಸಿಗುತ್ತವೆ. ನಿವಾಸಿಗಳ ಸಂಘ, ಕೆರೆ ಸಮಿತಿ, ವಾರ್ಡ್ ಸಮಿತಿಗಳ ಸದಸ್ಯರು ಮತ್ತು ಅವರೊಡನೆ ಕೈಜೋಡಿಸುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅವುಗಳನ್ನು ಅಳವಡಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಗದಗ, ಹಾವೇರಿಯವರಿಗೂ ಬಹುಪಾಲು ಇದೇ ಕ್ರಮ ಸಲ್ಲುತ್ತದೆ.

ಮೊದಲ ಹೆಜ್ಜೆ: ಅಳತೆಗೆ ಮುನ್ನ ಕೆಲಸ ಗೊತ್ತುಮಾಡಿ

ಸೆನ್ಸರ್ ಒಂದು ಅಂಕಿಯನ್ನು ಕೊಡುತ್ತದೆ, ಅಷ್ಟೇ. ಆ ಅಂಕಿ ಬಂದಾಗ ಯಾರು, ಏನನ್ನು, ಎಷ್ಟು ಹೊತ್ತಿನೊಳಗೆ ಮಾಡಬೇಕೆಂಬುದು ಮೊದಲೇ ತೀರ್ಮಾನವಾಗಿರಬೇಕು. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆದು ಪ್ರಶ್ನೆ, ಬೇಕಾದ ಅಳತೆ, ಹೊಣೆ ಹೊರುವ ವ್ಯಕ್ತಿ, ಮಾಡುವ ಕೆಲಸ ಎಂದು ಬರೆಯಿರಿ. ಉದಾಹರಣೆಗೆ, ಏಪ್ರಿಲ್ ತಿಂಗಳಲ್ಲಿ ಟ್ಯಾಂಕರ್ ನೀರು ಯಾವ ಸಸಿಗಳಿಗೆ ಮೊದಲು ಹೋಗಬೇಕು ಎಂಬುದು ಪ್ರಶ್ನೆಯಾದರೆ, ಮಣ್ಣಿನ ತೇವ ಅದರ ಅಳತೆ, ಉದ್ಯಾನದ ಮಾಲಿ ಅದರ ಹೊಣೆಗಾರ, ನೀರುಣಿಸುವುದು ಕೆಲಸ. ಕೊನೆಯ ಎರಡು ಕಾಲಂಗಳು ಖಾಲಿ ಉಳಿದರೆ ಆ ಸಾಲನ್ನೇ ಹೊಡೆದುಹಾಕಿ.

ಹೀಗೆ ಹೊಡೆದುಹಾಕಬೇಕಾದವುಗಳಲ್ಲಿ ಬಹಳ ಜನರಿಗೆ ಇಷ್ಟವಾದ ಗಾಳಿಯ ಗುಣಮಟ್ಟದ ಸೆನ್ಸರ್ ಕೂಡ ಸೇರುತ್ತದೆ. ಹುಬ್ಬಳ್ಳಿ-ಧಾರವಾಡವು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿರುವ ನಗರ, ಇಲ್ಲಿ ದೂಳಿನ ಸಮಸ್ಯೆ ಇರುವುದು ನಿಜ. ಆದರೆ ಪಿಎಂ 2.5, ಅಂದರೆ ಅತಿ ಸೂಕ್ಷ್ಮ ದೂಳಿನ ಪ್ರಮಾಣವು 24 ಗಂಟೆಗಳ ಮಿತಿಯಾದ ಘನ ಮೀಟರಿಗೆ 60 ಮೈಕ್ರೋಗ್ರಾಂ ದಾಟಿದೆಯೆಂದು ತಿಳಿದ ಉದ್ಯಾನ ಸಮಿತಿಯೊಂದು ಮರುದಿನ ಮಾಡಬಹುದಾದ ಕೆಲಸ ಬಹಳವಿಲ್ಲ. ಅಗ್ಗದ ಲೇಸರ್ ಸೆನ್ಸರ್‌ಗಳು ಮಳೆಗಾಲದ ತೇವದಲ್ಲಿ ಹನಿಗಳನ್ನೂ ದೂಳೆಂದೇ ಎಣಿಸುತ್ತವೆ ಎಂಬುದು ಬೇರೆ ಮಾತು. ಆ ಹಣವನ್ನು ಮಣ್ಣಿಗೂ ನೀರಿಗೂ ಹಾಕುವುದು ಮೇಲು.

ಈ ಹಂತದಲ್ಲಿಯೇ ಅನುಮತಿಯ ವಿಚಾರವನ್ನೂ ಮುಗಿಸಿಕೊಳ್ಳಿ. ಉದ್ಯಾನ ಮತ್ತು ರಸ್ತೆಬದಿಯ ಮರಗಳು ಬಹುತೇಕ ಮಹಾನಗರ ಪಾಲಿಕೆಯ ಸ್ವಾಧೀನದಲ್ಲಿರುತ್ತವೆ. ಆದ್ದರಿಂದ ಕಂಬ ನಿಲ್ಲಿಸುವುದಕ್ಕೂ ಪೆಟ್ಟಿಗೆ ಕೂರಿಸುವುದಕ್ಕೂ ಲಿಖಿತ ಒಪ್ಪಿಗೆ ಪಡೆಯಬೇಕು. ಪಾಲಿಕೆಯಲ್ಲಿ ಅರ್ಜಿಯು ವಾರ್ಡ್ ಸದಸ್ಯರ ಮೂಲಕ ಹೋದರೆ ಬೇಗ ಸಾಗುತ್ತದೆ.

ಎರಡನೆಯ ಹೆಜ್ಜೆ: ಇರುವ ಮರಗಳನ್ನು ಎಣಿಸಿ

ಯಾವ ಮರ ಎಲ್ಲಿದೆಯೆಂದು ಗೊತ್ತಿಲ್ಲದೆ ಸೆನ್ಸರ್ ನೆಡುವ ಜಾಗವನ್ನು ಆರಿಸಲಾಗದು. ಮೊಬೈಲಿನಲ್ಲಿ ಓಡಿಕೆ ಕಲೆಕ್ಟ್ ಅಥವಾ ಕೋಬೋಟೂಲ್‌ಬಾಕ್ಸ್‌ನಂತಹ ಉಚಿತ ತಂತ್ರಾಂಶವಿದ್ದರೆ ಸಾಕು. ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಸಿದ್ಧಪಡಿಸಬಹುದು, ಇಂಟರ್ನೆಟ್ ಇಲ್ಲದಿದ್ದಾಗಲೂ ತುಂಬಬಹುದು. ಮರದ ಜಾತಿ, ನೆಲದಿಂದ 1.37 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ, ಬುಡದ ಸುತ್ತ ಕಾಂಕ್ರೀಟು ಅಥವಾ ಪೇವರ್ ಇದೆಯೇ, ಮೇಲೆ ವಿದ್ಯುತ್ ತಂತಿ ಹಾದಿದೆಯೇ, ಟೊಂಗೆ ಒಣಗಿದೆಯೇ ಎಂಬ ಐದು ಸಂಗತಿಗಳನ್ನು ದಾಖಲಿಸಿ. ಮೊಬೈಲಿನ ಜಿಪಿಎಸ್ ಮೂರರಿಂದ ಐದು ಮೀಟರ್‌ವರೆಗೆ ತಪ್ಪು ತೋರಿಸುವುದರಿಂದ, ಒತ್ತಾಗಿ ನಿಂತ ಬೇವು, ಹೊಂಗೆಗಳ ಸಾಲಿನಲ್ಲಿ ಬರೀ ನಕ್ಷೆಯ ಚುಕ್ಕೆಯನ್ನು ನಂಬಬೇಡಿ; ಬಣ್ಣದಲ್ಲಿ ಸಂಖ್ಯೆ ಬರೆಯಿರಿ. ಮೊಳೆ ಹೊಡೆದು ತಗಡಿನ ಫಲಕ ತೂಗುಹಾಕುವುದು ಬೇಡ.

ತ್ವರಿತ ಬಸ್ಸುಗಳ ಬಿಆರ್‌ಟಿಎಸ್ ಮಾರ್ಗಕ್ಕಾಗಿ ರಸ್ತೆ ಅಗಲವಾದಾಗ ಅವಳಿ ನಗರದ ಹೆದ್ದಾರಿಯುದ್ದಕ್ಕೂ ಇದ್ದ ಹಳೆಯ ಮರಗಳು ಹೋದವು. ಅಂತಹ ಕಾಮಗಾರಿ ಬಂದಾಗ ಮಾತಾಡಲು ಸಂಘದ ಕೈಯಲ್ಲಿ ಇಂಥದೊಂದು ಪಟ್ಟಿ ಇರಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಗೆ ಆಕ್ಷೇಪಣೆ ಸಲ್ಲಿಸುವಾಗಲೂ ಸಂಖ್ಯೆ, ಸುತ್ತಳತೆ, ಚಿತ್ರಗಳಿರುವ ದಾಖಲೆಗೆ ತೂಕ ಹೆಚ್ಚು.

ಮೂರನೆಯ ಹೆಜ್ಜೆ: ಮಣ್ಣಿನ ತೇವವನ್ನು ಆಯಾ ಮಣ್ಣಿನಲ್ಲಿಯೇ ಹೊಂದಿಸಿ

ಅಂಗಡಿಯಿಂದ ತಂದ ಸೆನ್ಸರ್ ನಮ್ಮ ಭಾಗದಲ್ಲಿ ಹೆಚ್ಚಾಗಿ ದಾರಿ ತಪ್ಪಿಸುವುದು ಇಲ್ಲಿಯೇ, ಆದ್ದರಿಂದ ಈ ಹೆಜ್ಜೆಗೆ ಸಮಯ ಕೊಡಿ. ಹುಬ್ಬಳ್ಳಿಯಿಂದ ನವಲಗುಂದ, ಗದಗದ ಕಡೆಗೆ ಎರೆ ಮಣ್ಣು. ಧಾರವಾಡದ ಪಶ್ಚಿಮಕ್ಕೆ, ಕಲಘಟಗಿಯ ಕಡೆಗೆ ಹೋದಂತೆ ಮಸಾರಿ, ಅಂದರೆ ಕೆಂಪು ಮಣ್ಣು. ಎರೆ ಮಣ್ಣಿನ ಜೇಡಿಕಣಗಳು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ, ಶೇ. 20ರಷ್ಟು ತೇವವಿದ್ದರೂ ಸಸಿಯ ಬೇರಿಗೆ ಅದರಲ್ಲಿ ದಕ್ಕುವುದು ಏನೂ ಇಲ್ಲದಂತಾಗಿ ಗಿಡ ಬಾಡುತ್ತದೆ. ಅದೇ ಶೇ. 20 ಮಸಾರಿಯಲ್ಲಿ ಕಂಡರೆ ನಿನ್ನೆಯೋ ಮೊನ್ನೆಯೋ ಚೆನ್ನಾಗಿ ನೀರುಂಡ ನೆಲ ಎಂದು ತಿಳಿಯಬಹುದು. ಹೀಗಿರುವಾಗ ಎರಡೂ ಊರಿನ ಉದ್ಯಾನಗಳಿಗೆ ಒಂದೇ ಮಿತಿಯನ್ನಿಟ್ಟು ಎಚ್ಚರಿಕೆ ಕಳುಹಿಸಿದರೆ ಹುಬ್ಬಳ್ಳಿಯ ಸಸಿ ಒಣಗುತ್ತದೆ, ಧಾರವಾಡದಲ್ಲಿ ನೀರು ಪೋಲಾಗುತ್ತದೆ.

ಮಿತಿಯನ್ನು ಕಂಡುಕೊಳ್ಳುವ ವಿಧಾನ ಸರಳವಾಗಿದೆ. ಸೆನ್ಸರ್ ನೆಡುವ ಜಾಗದಿಂದಲೇ ಮಣ್ಣು ತೆಗೆದು ತೂಗಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಬೇಕು. ಕಡಿಮೆಯಾದ ತೂಕವನ್ನು ಒಣಮಣ್ಣಿನ ತೂಕದಿಂದ ಭಾಗಿಸಿದರೆ ತೂಕದ ಲೆಕ್ಕದ ನಿಜವಾದ ತೇವ ಸಿಗುತ್ತದೆ. ಸೆನ್ಸರ್‌ಗಳು ಸಾಮಾನ್ಯವಾಗಿ ಗಾತ್ರದ ಲೆಕ್ಕದಲ್ಲಿ ತೇವ ತೋರಿಸುವುದರಿಂದ, ಗೊತ್ತಾದ ಗಾತ್ರದ ಡಬ್ಬಿಯಲ್ಲಿ ಮಣ್ಣು ತೆಗೆದರೆ ಎರಡನ್ನೂ ಹೋಲಿಸಲು ಅನುಕೂಲ. ನೀರುಣಿಸಿದ ಮರುದಿನ, ನಾಲ್ಕೈದು ದಿನಗಳ ನಂತರ, ನೆಲ ಪೂರ್ಣ ಒಣಗಿದ ಮೇಲೆ, ಹೀಗೆ ಬೇರೆ ಬೇರೆ ಸ್ಥಿತಿಯ ಮಣ್ಣನ್ನು ತೂಗಿ, ಆ ಹೊತ್ತಿನಲ್ಲಿ ಸೆನ್ಸರ್ ತೋರಿಸಿದ ಅಂಕಿಯ ಎದುರು ಬರೆದಿಟ್ಟುಕೊಳ್ಳಿ. ಈ ಕೆಲಸಕ್ಕೆ ಬೇಕಾದ ಓವನ್, ತಕ್ಕಡಿ ಇಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದ ಪ್ರಯೋಗಾಲಯದಲ್ಲಿ ಇರುತ್ತವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವಂತೂ ಈ ಮಣ್ಣುಗಳ ನಡುವೆಯೇ ಇದೆ. ಅಲ್ಲಿನ ಮಣ್ಣುವಿಜ್ಞಾನದವರ ಸಲಹೆ ಕೇಳಿದರೆ ಕೆಲಸ ಹಗುರವಾಗುತ್ತದೆ.

ಕೊಳ್ಳುವಾಗ, ಲೋಹ ಮಣ್ಣಿಗೆ ತಾಗದಂತೆ ಮುಚ್ಚಿರುವ ಕೆಪಾಸಿಟಿವ್ ಮಾದರಿಯನ್ನೇ ಕೊಳ್ಳಿ. ಎರಡು ಲೋಹದ ಕಡ್ಡಿಗಳಿರುವ ಅಗ್ಗದ ರೆಸಿಸ್ಟಿವ್ ಮಾದರಿ ತೇವದ ಮಣ್ಣಿನಲ್ಲಿ ಕೆಲವೇ ವಾರಗಳಲ್ಲಿ ತುಕ್ಕು ತಿಂದು ಸುಳ್ಳು ಅಂಕಿ ಕೊಡತೊಡಗುತ್ತದೆ. ನೆಡುವ ಕ್ರಮವೂ ಮುಖ್ಯ. ಎರೆ ನೆಲ ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಅಗಲಕ್ಕೆ ಬಿರಿಯುತ್ತದೆ, ಬಿರುಕು ಸೆನ್ಸರ್‌ನ ಪಕ್ಕದಲ್ಲಿಯೇ ಬಾಯಿಬಿಟ್ಟರೆ ಅದು ಮಣ್ಣನ್ನು ಬಿಟ್ಟು ಗಾಳಿಯನ್ನು ಅಳೆಯುತ್ತದೆ, ಪರದೆಯ ಮೇಲೆ ತೇವ ಒಮ್ಮೆಲೇ ಸೊನ್ನೆಗೆ ಇಳಿದಂತೆ ಕಾಣುತ್ತದೆ. ಇದನ್ನು ತಪ್ಪಿಸಲು, ತೆಗೆದ ಮಣ್ಣನ್ನೇ ಹೆಂಟೆ ಇಲ್ಲದಂತೆ ನೀರಿನಲ್ಲಿ ಕಲಸಿ ರಾಡಿ ಮಾಡಿ, ಸೆನ್ಸರ್ ಸುತ್ತ ಸುರಿದು, ಗಾಳಿ ಉಳಿಯದಂತೆ ಒತ್ತಬೇಕು. ಮೇಲೆ ಒಣ ಎಲೆಗಳ ಹೊದಿಕೆ ಹಾಕಬೇಕು. ಕಾಂಡದ ಬುಡಕ್ಕೆ ನೆಡದೆ ಕೊಂಬೆಗಳ ಅಂಚಿನ ಕೆಳಗೆ, ಒಂದನ್ನು 15 ಸೆಂಟಿಮೀಟರ್, ಇನ್ನೊಂದನ್ನು 45 ಸೆಂಟಿಮೀಟರ್ ಆಳಕ್ಕೆ ನೆಡಿ. ಎರಡು ಆಳಗಳೇಕೆ ಎಂಬುದನ್ನು ಯಾವ ಮಾಲಿಯನ್ನು ಕೇಳಿದರೂ ಹೇಳುತ್ತಾನೆ: "ಮ್ಯಾಲ ಒಣಗೇದರೀ, ಒಳಗ ಹಸಿ ಐತಿ." ಮೇಲಿನದು ಒಣಗಿ ಕೆಳಗಿನದು ತೇವವಾಗಿದ್ದರೆ ಬೇರು ಬಿಟ್ಟ ಮರಕ್ಕೆ ನೀರು ಬೇಡ, ಹೊಸ ಸಸಿಗೆ ಬೇಕು. ಬೋರ್‌ವೆಲ್ ನೀರು ಸವಳಾಗಿದ್ದರೆ ಉಪ್ಪಿನಂಶ ಸೆನ್ಸರ್‌ನ ಅಂಕಿಯನ್ನು ನಿಜಕ್ಕಿಂತ ಏರಿಸುತ್ತದೆ. ಅಲ್ಲಿ ವರ್ಷಕ್ಕೊಮ್ಮೆ ಮಣ್ಣು ತೂಗಿ ಸರಿನೋಡಬೇಕು.

ನಾಲ್ಕನೆಯ ಹೆಜ್ಜೆ: ಕೆರೆಯ ಮಟ್ಟ, ನಾಲಾದ ಹರಿವು

ಹುಬ್ಬಳ್ಳಿಯ ಉಣಕಲ್ ಕೆರೆಯ ಹರವು ಸುಮಾರು 200 ಎಕರೆ, ಅಂದರೆ 80 ಹೆಕ್ಟೇರ್. ಒಂದು ಹೆಕ್ಟೇರ್ ಮೇಲೆ ಒಂದು ಸೆಂಟಿಮೀಟರ್ ನೀರು ಎಂದರೆ ಒಂದು ಲಕ್ಷ ಲೀಟರ್, ಆದ್ದರಿಂದ ಕೆರೆ ತುಂಬಿದಾಗ ಒಂದು ಸೆಂಟಿಮೀಟರ್ ಏರಿಳಿತವೆಂದರೆ 80 ಲಕ್ಷ ಲೀಟರ್. ಅಳತೆಯಲ್ಲಿ ಸೆಂಟಿಮೀಟರ್‌ಗೂ ಇಷ್ಟು ಬೆಲೆ ಇದೆಯೆಂಬುದನ್ನು ನೆನಪಿಟ್ಟು ಉಪಕರಣವನ್ನು ಆರಿಸಿ.

ಸಾಮಾನ್ಯವಾಗಿ ಬಳಸುವುದು ಅಲ್ಟ್ರಾಸಾನಿಕ್ ಸೆನ್ಸರ್. ನೀರಿನ ಮೇಲೆ ಕಂಬದಿಂದ ತೂಗುಹಾಕಿದ ಇದು ಶಬ್ದದ ಅಲೆ ಹೋಗಿ ಬರುವ ಸಮಯದಿಂದ ದೂರವನ್ನು ಲೆಕ್ಕಹಾಕುತ್ತದೆ. ಆದರೆ ಗಾಳಿ ಕಾದಂತೆ ಶಬ್ದದ ವೇಗ ಹೆಚ್ಚುತ್ತದೆ, ಪ್ರತಿ ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್‌ನಷ್ಟು. ಬೆಳಗಿನ ಜಾವ 20 ಡಿಗ್ರಿ, ಮಧ್ಯಾಹ್ನ ಬಿಸಿಲಲ್ಲಿ 40 ಡಿಗ್ರಿ ಇರುವ ಏಪ್ರಿಲ್ ದಿನ ಮೂರು ಮೀಟರ್ ದೂರವನ್ನು ಅಳೆಯುವಾಗ ಸುಮಾರು 10 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಉಣಕಲ್‌ನಂತಹ ಕೆರೆಯಲ್ಲಿ ಅದು ಇಲ್ಲದ 8 ಕೋಟಿ ಲೀಟರ್ ನೀರನ್ನು ಕಾಗದದ ಮೇಲೆ ಸೃಷ್ಟಿಸಿದಂತೆ. ಉಷ್ಣತೆಗೆ ತಕ್ಕಂತೆ ತಿದ್ದಿಕೊಳ್ಳುವ ಮಾದರಿಯನ್ನೇ ತನ್ನಿ, ಇಲ್ಲವೇ ಪಕ್ಕದಲ್ಲಿ ನೆರಳಿನಲ್ಲಿ ಉಷ್ಣತೆಯ ಸೆನ್ಸರ್ ಇಟ್ಟು ಲೆಕ್ಕದಲ್ಲಿ ತಿದ್ದಿರಿ. ಸೆನ್ಸರ್‌ನ ಮುಖದಿಂದ 20-25 ಸೆಂಟಿಮೀಟರ್ ಒಳಗೆ ನೀರು ಬಂದರೆ ಅಗ್ಗದ ಮಾದರಿಗಳು ಕುರುಡಾಗುತ್ತವೆ, ಆದ್ದರಿಂದ ಕೋಡಿ ಹರಿಯುವ ಮಟ್ಟಕ್ಕಿಂತ ಸಾಕಷ್ಟು ಮೇಲೆ ಕಟ್ಟಿ. ಅಂತರಗಂಗೆ ತೇಲಿಬಂದು ಕೆಳಗೆ ನಿಂತರೆ ಎಲೆಯ ಮೇಲ್ಭಾಗವನ್ನೇ ನೀರೆಂದು ಅಳೆಯುತ್ತದೆ. ಸುತ್ತ ಬಲೆಯ ಬೇಲಿ ಬೇಕು. ಬದಿಯಲ್ಲಿ ಗೆರೆ ಎಳೆದ ಅಳತೆಪಟ್ಟಿಯೊಂದನ್ನು ನಿಲ್ಲಿಸಿ, ವಾರಕ್ಕೊಮ್ಮೆ ಕಣ್ಣಿನಿಂದ ಓದಿ ಹೋಲಿಸಿ.

ಮಟ್ಟದ ಅಳತೆಯಿಂದ ಪ್ರವಾಹದ ಮುನ್ಸೂಚನೆಯಲ್ಲದೆ ಇನ್ನೊಂದು ಪ್ರಯೋಜನವಿದೆ, ಅದನ್ನು ಬಹಳ ಸಮಿತಿಗಳು ಗಮನಿಸುವುದಿಲ್ಲ. ಬೇಸಿಗೆಯಲ್ಲಿ ನಮ್ಮಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ನೀರು ಆವಿಯಾಗುತ್ತದೆ. ಮಳೆಯೂ ಕಾಲುವೆಯೂ ಇಲ್ಲದ ಏಪ್ರಿಲ್ ತಿಂಗಳಲ್ಲಿ ಕೆರೆಯ ಮಟ್ಟ ಇಳಿಯದೆ ನಿಂತಿದೆಯೆಂದರೆ ಸಂತೋಷಪಡಬೇಡಿ. ಎಲ್ಲಿಂದಲೋ ಗಟಾರ ನೀರು ಸೇರುತ್ತಿದೆ. ಅದು ಬರುವ ದಾರಿಯನ್ನು ಹಿಡಿಯಲು ಒಳಬರುವ ನಾಲಾದಲ್ಲಿ ಮಟ್ಟದ ಸೆನ್ಸರ್ ಜೊತೆಗೆ ವಿದ್ಯುತ್ ವಾಹಕತೆಯ ಸೆನ್ಸರ್ ಇಡಿ; ನೀರಿನಲ್ಲಿ ಕರಗಿದ ಲವಣ ಹೆಚ್ಚಿದಷ್ಟೂ ವಾಹಕತೆ ಹೆಚ್ಚು. ಮಳೆಯಿಲ್ಲದ ದಿನಗಳಲ್ಲಿ ಬೆಳಿಗ್ಗೆ ಏಳರಿಂದ ಹತ್ತರ ನಡುವೆ ಎರಡೂ ಏರಿ, ಮಧ್ಯಾಹ್ನ ಇಳಿದು, ಸಂಜೆ ಮತ್ತೆ ಏರಿದರೆ ಅದು ಮನೆಗಳ ಸ್ನಾನ, ಪಾತ್ರೆ, ಶೌಚದ ನೀರು. ಅದೇ ಮಳೆನೀರಾದರೆ ಮಟ್ಟ ಏರುವಾಗ ವಾಹಕತೆ ಇಳಿಯುತ್ತದೆ. ಒಳಚರಂಡಿಯ ಜೋಡಣೆ ತಪ್ಪಿದೆಯೆಂದು ಪಾಲಿಕೆಗೆ ಹೇಳುವಾಗ ಇಂತಹ ಎರಡು ವಾರಗಳ ಗ್ರಾಫ್ ಮೌಖಿಕ ದೂರಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಕೇಂದ್ರದ ನಗರಾಭಿವೃದ್ಧಿ ಯೋಜನೆಯಾದ ಸಿಟೀಸ್ ಕಾರ್ಯಕ್ರಮದಡಿ ಉಣಕಲ್ ನಾಲಾ ದಂಡೆಯಲ್ಲಿ ಹಸಿರು ಪಥವನ್ನು ಕೈಗೆತ್ತಿಕೊಂಡ ಮೇಲಂತೂ ಅದರ ಇಕ್ಕೆಲದ ಬಡಾವಣೆಗಳಿಗೆ ಈ ಅಳತೆ ಇನ್ನಷ್ಟು ಉಪಯುಕ್ತ, ಏಕೆಂದರೆ ನಡಿಗೆಯ ಹಾದಿ ಎಷ್ಟು ಚೆಂದವಾದರೂ ನಾಲಾದಲ್ಲಿ ಗಟಾರ ಹರಿಯುತ್ತಿದ್ದರೆ ಅಲ್ಲಿ ಯಾರೂ ನಡೆಯಲಾರರು.

ಐದನೆಯ ಹೆಜ್ಜೆ: ಕರಗಿದ ಆಮ್ಲಜನಕವನ್ನು ನಸುಕಿನಲ್ಲಿ ನೋಡಿ

ಮೀನು, ವನ್ಯಜೀವಿಗಳಿಗೆ ತಕ್ಕ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುತ್ತದೆ. ಪಾಚಿ ತುಂಬಿದ ಕೆರೆಯಲ್ಲಿ ಈ ಪ್ರಮಾಣ ದಿನವಿಡೀ ಒಂದೇ ಆಗಿರುವುದಿಲ್ಲ. ಹಗಲಲ್ಲಿ ಪಾಚಿ ಆಮ್ಲಜನಕವನ್ನು ಬಿಡುವುದರಿಂದ ಇಳಿಹೊತ್ತಿಗೆ ಅದು ಗರಿಷ್ಠ ಮಟ್ಟಕ್ಕೇರುತ್ತದೆ. ರಾತ್ರಿ ಅದೇ ಪಾಚಿ ಉಸಿರಾಡಿ ಅದನ್ನು ಬಳಸುವುದರಿಂದ ಬೆಳಗಿನ ಜಾವ ಐದರ ಸುಮಾರಿಗೆ ಪಾತಾಳಕ್ಕಿಳಿಯುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಬಾಟಲಿಯಲ್ಲಿ ತುಂಬಿಕೊಂಡು ಹೋದ ಮಾದರಿಯಲ್ಲಿ ಎಲ್ಲವೂ ಸರಿಯಾಗಿರುತ್ತದೆ, ಮರುದಿನ ಮೀನು ತೇಲುತ್ತದೆ. ನಿರಂತರವಾಗಿ ಅಳೆಯುವ ಸೆನ್ಸರ್ ಇಲ್ಲಿ ನಿಜಕ್ಕೂ ದುಡ್ಡಿಗೆ ತಕ್ಕ ಕೆಲಸ ಮಾಡುತ್ತದೆ.

ಇದರಿಂದ ಹೊರಡುವ ಒಂದು ಬದಲಾವಣೆಗೆ ಖರ್ಚೇ ಇಲ್ಲ. ಕಾರಂಜಿಗಳನ್ನು ಸಾಮಾನ್ಯವಾಗಿ ಸಂಜೆ, ಜನ ವಿಹಾರಕ್ಕೆ ಬಂದಾಗ ಓಡಿಸುತ್ತಾರೆ, ಅಂದರೆ ನೀರಿನಲ್ಲಿ ಆಮ್ಲಜನಕ ಹೆಚ್ಚಿರುವ ಹೊತ್ತಿನಲ್ಲಿ. ಸಂಜೆಯದನ್ನು ಅರ್ಧ ಗಂಟೆಗೆ ಇಳಿಸಿ, ಸೆನ್ಸರ್ 4ಕ್ಕಿಂತ ಕಡಿಮೆ ತೋರಿಸಿದ ರಾತ್ರಿಗಳಲ್ಲಿ ಮೂರರಿಂದ ಆರರವರೆಗೆ ಟೈಮರ್ ಮೂಲಕ ಓಡಿಸಿದರೆ ಅದೇ ವಿದ್ಯುತ್ತಿನಲ್ಲಿ ಕೆರೆಗೆ ಉಸಿರು ಸಿಗುತ್ತದೆ.

ಬೆಳಕಿನ ನೆರವಿನಿಂದ ಆಮ್ಲಜನಕ ಅಳೆಯುವ ಆಪ್ಟಿಕಲ್ ಮಾದರಿಯ ಸೆನ್ಸರ್ ದುಬಾರಿಯಾದರೂ ಒಳ್ಳೆಯದು. ಎರಡು ವಾರದಲ್ಲಿ ಅದರ ಮೇಲೆ ಲೋಳೆ ಕಟ್ಟುವುದರಿಂದ ವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಿರುವ ಬಾಟಲಿಯೊಳಗೆ ತೂಗುಹಾಕಿ ಸರಿನೋಡಿ: 25 ಡಿಗ್ರಿಯಲ್ಲಿ ಕೈಪಿಡಿಗಳು ಹೇಳುವ ಲೀಟರಿಗೆ 8.3 ಮಿಲಿಗ್ರಾಂ ಸಮುದ್ರಮಟ್ಟದ ಊರಿಗೆ ಸಲ್ಲುವಂಥದು, ಸುಮಾರು 650 ಮೀಟರ್ ಎತ್ತರದ ಹುಬ್ಬಳ್ಳಿಯಲ್ಲಿ ಅದು ಸುಮಾರು 7.6 ಇರಬೇಕು. ತೇಲುಪೆಟ್ಟಿಗೆಯನ್ನು ಅಂತರಗಂಗೆಯಿಂದ ದೂರವಿಡಿ, ಗಣೇಶ ವಿಸರ್ಜನೆ ನಡೆಯುವ ಕೆರೆಯಾದರೆ ಆ ದಿನಗಳಲ್ಲಿ ದಡಕ್ಕೆ ತಂದಿಡಿ.

ಗದಗ ಜಿಲ್ಲೆಯ ಮಾಗಡಿ ಕೆರೆಯಂತಹ ಕಡೆ ಇನ್ನಷ್ಟು ಎಚ್ಚರ ಬೇಕು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಆ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅದು ಸಂರಕ್ಷಣಾ ಮೀಸಲು ಪ್ರದೇಶವಾದ್ದರಿಂದ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಏನನ್ನೂ ನಿಲ್ಲಿಸುವಂತಿಲ್ಲ. ಒಪ್ಪಿಗೆ ಸಿಕ್ಕರೂ ಕಂಬ, ತೇಲುಪೆಟ್ಟಿಗೆಗಳ ಕೆಲಸ ಹಕ್ಕಿಗಳು ಬರುವ ಮೊದಲೇ ಮುಗಿದಿರಲಿ.

ಆರನೆಯ ಹೆಜ್ಜೆ: ಸಂಪರ್ಕ ಮತ್ತು ಪೆಟ್ಟಿಗೆ

ಒಂದೇ ಕೆರೆ, ಒಂದೆರಡು ಸೆನ್ಸರ್ ಎಂದಾದರೆ ಸಿಮ್ ಕಾರ್ಡ್ ಇರುವ ಉಪಕರಣವೇ ಸಾಕು. ಹತ್ತಿಪ್ಪತ್ತು ಕಡೆ ಹರಡಿದ್ದರೆ, ಕಡಿಮೆ ಬ್ಯಾಟರಿಯಲ್ಲಿ ಸಣ್ಣ ಸಂದೇಶಗಳನ್ನು ದೂರಕ್ಕೆ ಕಳುಹಿಸುವ ಲೋರಾವ್ಯಾನ್ ಎಂಬ ರೇಡಿಯೋ ಜಾಲ ಒಳ್ಳೆಯದು. ಭಾರತದಲ್ಲಿ ಇದು ಪರವಾನಗಿ ಬೇಡದ 865ರಿಂದ 867 ಮೆಗಾಹರ್ಟ್ಸ್ ತರಂಗಗಳಲ್ಲಿ ನಡೆಯುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವಾಗ 915 ಮೆಗಾಹರ್ಟ್ಸ್ ಮಾದರಿ ಬಂದರೆ ಹಿಂದಿರುಗಿಸಿ. ಸೆನ್ಸರ್‌ಗಳ ಸಂದೇಶವನ್ನು ಹಿಡಿದು ಇಂಟರ್ನೆಟ್ಟಿಗೆ ದಾಟಿಸುವ ಗೇಟ್‌ವೇ ಪೆಟ್ಟಿಗೆಯನ್ನು ಓವರ್‌ಹೆಡ್ ಟ್ಯಾಂಕ್ ಅಥವಾ ಕಾಲೇಜಿನ ಮಾಳಿಗೆಯ ಮೇಲೆ ಇಟ್ಟರೆ ಸಮತಟ್ಟಾದ ಹುಬ್ಬಳ್ಳಿಯಲ್ಲಿ ಎರಡು-ಮೂರು ಕಿಲೋಮೀಟರ್ ಸಿಗುವುದು ಕಷ್ಟವಲ್ಲ. ಏರಿಳಿತದ ಧಾರವಾಡದಲ್ಲಿ ದಿಬ್ಬದ ಆಚೆಗಿನ ಓಣಿಗೆ ಇನ್ನೊಂದು ಬೇಕಾಗಬಹುದು. ಮಣ್ಣಿನ ತೇವವನ್ನು ಗಂಟೆಗೊಮ್ಮೆ ಕಳುಹಿಸಿದರೆ ಸಾಕು. ನಾಲಾದ ಮಟ್ಟವನ್ನು ಮಾತ್ರ ಮಳೆ ಸುರಿಯುವಾಗ ಐದು ನಿಮಿಷಕ್ಕೊಮ್ಮೆ ಕಳುಹಿಸುವಂತೆ ಹೊಂದಿಸಿ. ಮೇ ತಿಂಗಳ ಅಡ್ಡಮಳೆಯಲ್ಲಿ ನೀರು ನುಗ್ಗುವುದಕ್ಕೆ ಗಂಟೆ ಬೇಕಾಗಿಲ್ಲ.

ಸೆನ್ಸರ್‌ನ ಪೆಟ್ಟಿಗೆ ದೂಳು, ನೀರು ಒಳಹೋಗದ ಐಪಿ 67 ದರ್ಜೆಯದಾಗಿರಲಿ. ತಂತಿ ಕೆಳಗಿನಿಂದ ಒಳಹೋಗಲಿ, ಅದರ ಬಾಯನ್ನು ಭದ್ರವಾಗಿ ಮುಚ್ಚಿ. ಸಣ್ಣ ಸಂದಿ ಉಳಿದರೂ ಇರುವೆಗಳು ಬೆಚ್ಚಗಿನ ಬೋರ್ಡಿನ ಮೇಲೆ ಗೂಡು ಕಟ್ಟುತ್ತವೆ. ಸೌರಫಲಕ ಎದ್ದುಕಂಡರೆ ಕಳವಾಗುತ್ತದೆ, ಸಾಧ್ಯವಿರುವೆಡೆ ಬ್ಯಾಟರಿಯಲ್ಲಿಯೇ ನಡೆಯುವ ಮಾದರಿಯನ್ನು ಬಳಸಿ. "ಇದು ಮಣ್ಣಿನ ತೇವ ಅಳೆಯುವ ಯಂತ್ರ, ಇದರಲ್ಲಿ ಕ್ಯಾಮೆರಾ ಇಲ್ಲ, ಬೆಲೆಬಾಳುವುದೇನೂ ಇಲ್ಲ" ಎಂದು ಸ್ಪಷ್ಟವಾಗಿ ಬರೆದು ಸಂಘದ ಹೆಸರು ಹಾಕಿ. ಹಕ್ಕಿಗಳ ದನಿ ಹಿಡಿಯುವ ಧ್ವನಿಮುದ್ರಕ ಇಡುವುದಾದರೆ ಅದು ಬೆಂಚಿನ ಮೇಲಿನವರ ಮಾತನ್ನೂ ಹಿಡಿಯುತ್ತದೆಂಬುದು ನೆನಪಿರಲಿ. ನಸುಕಿನಲ್ಲಿ ಮಾತ್ರ, ಬೆಂಚುಗಳಿಂದ ದೂರ ಇಡಿ.

ಉಷ್ಣತೆಯ ಸೆನ್ಸರ್ ಬಗ್ಗೆ ಒಂದೇ ಮಾತು: ಗಾಳಿಯಾಡುವ ಬಿಳಿ ಕವಚದೊಳಗೆ ಇಲ್ಲದಿದ್ದರೆ ಅದು ಗಾಳಿಯ ಉಷ್ಣತೆಯ ಬದಲು ಬಿಸಿಲಿಗೆ ಕಾದ ತನ್ನ ಮೈಯನ್ನೇ ಅಳೆಯುತ್ತದೆ.

ಏಳನೆಯ ಹೆಜ್ಜೆ: ಮಾಲಿಗೆ ತಲುಪುವ ಸಂದೇಶ

ಗ್ರಾಫ್‌ಗಳಿರುವ ಡ್ಯಾಶ್‌ಬೋರ್ಡ್ ಸಮಿತಿಯ ಸಭೆಗೆ ಸರಿ, ಮಾಲಿಗೆ ಬೇಕಾದುದು ಒಂದು ಸಾಲು: "ಶಂಕರಣ್ಣ, ಇವತ್ತು 14, 15, 22ನೇ ಗಿಡಕ್ಕ ನೀರ ಬಿಡ್ರಿ." ವಾಟ್ಸ್‌ಆ್ಯಪ್ ಧ್ವನಿ ಸಂದೇಶವಾದರೆ ಇನ್ನೂ ಅನುಕೂಲ. ಸತತ ಎರಡು ಅಥವಾ ಮೂರು ಅಳತೆಗಳು ಮಿತಿಗಿಂತ ಕೆಳಗಿಳಿದ ಮೇಲೆಯೇ ಸಂದೇಶ ಹೋಗಲಿ, ಬೆಳಿಗ್ಗೆ ಕೆಲಸ ಶುರುವಾಗುವ ಮುನ್ನ ಒಮ್ಮೆ ಮಾತ್ರ ಹೋಗಲಿ. ದಿನಕ್ಕೆ ಹತ್ತು ಬಾರಿ ಕೂಗುವ ಮೊಬೈಲನ್ನು ಯಾರೂ ನೋಡುವುದಿಲ್ಲ. ನೀರುಣಿಸಿದ ಮೇಲೆ 15 ಸೆಂಟಿಮೀಟರ್ ಆಳದ ಅಂಕಿ ತಾನಾಗಿಯೇ ಏರುವುದರಿಂದ ಕೆಲಸವಾಗಿದೆಯೇ ಎಂದು ಮತ್ತೆ ಕೇಳಬೇಕಿಲ್ಲ. ಏರದಿದ್ದರೆ ಮಾಲಿಯನ್ನು ಗದರುವ ಮೊದಲು ಕುರ್ಪಿಯಿಂದ ಕೆದಕಿ ನೋಡಿ, ಬಿರುಕಿನಲ್ಲಿ ನೀರು ಇಳಿದುಹೋಗಿರಬಹುದು. ಯಂತ್ರಕ್ಕೂ ಮಾಲಿಗೂ ಮಾತು ಬೇರೆಯಾದಾಗ ಮೊದಲು ಮಣ್ಣನ್ನು ನೋಡಬೇಕು, ನನ್ನ ಅನುಭವದಲ್ಲಿ ಹೆಚ್ಚಿನ ಸಲ ಮಾಲಿಯದೇ ಸರಿಯಿರುತ್ತದೆ.

ಕೊನೆಯದಾಗಿ ಕರಾರು. ಗುತ್ತಿಗೆದಾರರಿಂದ ಮಾಡಿಸುವುದಾದರೆ ದತ್ತಾಂಶ ಸಂಘದ್ದೇ ಎಂದೂ, ಅದನ್ನು ಯಾವಾಗ ಬೇಕಾದರೂ ಸಾಮಾನ್ಯ ಎಕ್ಸೆಲ್ ಅಥವಾ ಸಿಎಸ್‌ವಿ ರೂಪದಲ್ಲಿ ಇಳಿಸಿಕೊಳ್ಳಬಹುದೆಂದೂ, ಮೂರು ವರ್ಷ ಬ್ಯಾಟರಿ, ತಪಾಸಣೆ, ಬಿಡಿಭಾಗಗಳ ಹೊಣೆ ಅವರದೆಂದೂ ಬರೆಸಿಕೊಳ್ಳಿ. ವಿದ್ಯಾರ್ಥಿಗಳಿಂದ ಮಾಡಿಸುವುದಾದರೆ ಅಂತಿಮ ವರ್ಷದ ತಂಡ ಮೇ-ಜೂನ್‌ನಲ್ಲಿ ಊರು ಬಿಡುತ್ತದೆ, ಅಂದರೆ ಮಿರ್ಗ ಮಳೆ ಹಿಡಿಯುವ ಹೊತ್ತಿಗೇ. ಪಾಸ್‌ವರ್ಡ್, ಸರ್ವರ್ ಖಾತೆ, ಸಿಮ್‌ನ ನೋಂದಣಿ, ಮಣ್ಣು ತೂಗಿದ ಪಟ್ಟಿ, ಇವೆಲ್ಲ ಸಂಘದ ಹೆಸರಿನಲ್ಲಿಯೇ ಇರಲಿ. ಮಾರ್ಚ್ ತಿಂಗಳಲ್ಲಿಯೇ ಮೂರನೆಯ ವರ್ಷದ ಇಬ್ಬರನ್ನು ಜೊತೆಗೆ ಸೇರಿಸಿಕೊಂಡು, ಒಂದು ಬ್ಯಾಟರಿ ಬದಲಾವಣೆಯನ್ನೂ ಒಂದು ಆಮ್ಲಜನಕ ಸೆನ್ಸರ್ ತಪಾಸಣೆಯನ್ನೂ ಅವರ ಕೈಯಿಂದಲೇ ಮಾಡಿಸಿ.